ಆಸಾಡಿಯಲ್ಲಿ ಕಡಲು ಎಷ್ಟು ದೂರ?

ಕುಂದಾಪುರದ ಮನೆ-ಜಾಗದ ಮಾರುಕಟ್ಟೆಯ ತಿಂಗಳ ವರದಿ ಸಿಗುವುದು ಕ್ಷೌರದಂಗಡಿಯಲ್ಲಿ. ಕತ್ತಿ ಗಂಟಲ ಬಳಿ ಇರುವುದರಿಂದ ಯಾರೂ ಎದುರು ಮಾತಾಡುವುದಿಲ್ಲ. ಮೇ ತಿಂಗಳಲ್ಲಿ ಬೆಂಗಳೂರು, ಮುಂಬಯಿಯ ಹೋಟೆಲಿನವರು ಮದುವೆ, ಪೂಜೆಗೆಂದು ಊರಿಗೆ ಬಂದಿರುತ್ತಾರೆ, ಆದ್ದರಿಂದ ದರ ಏರುತ್ತದೆ. ಆಸಾಡಿಯಲ್ಲಿ, ಎಂದರೆ ಆಷಾಢದಲ್ಲಿ, ನರಪಿಳ್ಳೆಯೂ ಜಾಗ ಕೇಳುವುದಿಲ್ಲ, ಆದರೂ ಇಳಿಯುವುದಿಲ್ಲ. ಅದರ ಮುಂದಿನ ತಿಂಗಳಾದ ಸೋಣೆ ಬರಲಿ ಎನ್ನುತ್ತಾರೆ. ಸೋಣೆ ಬಂದರೆ ಪಿತೃಪಕ್ಷ ಕಳೆಯಲಿ ಎನ್ನುತ್ತಾರೆ. ಮರಳು, ಕೆಂಪುಕಲ್ಲು ಸಿಗದಿದ್ದರೆ ಮನೆ ದುಬಾರಿ. ಸಿಕ್ಕಿತೋ, ಎಲ್ಲರೂ ಕಟ್ಟಲು ಹೊರಡುವುದರಿಂದ ದುಬಾರಿ.

ದರ ಎಂದರೂ ಒಂದಲ್ಲ, ಎರಡು. ಉಪನೋಂದಣಾಧಿಕಾರಿಯ ಎದುರು ಹೇಳುವುದು ಒಂದು, ಹೊರಗೆ ನಿಂತ ಕಾರಿನೊಳಗೆ ಹೇಳುವುದು ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ಸರ್ಕಾರ ನೋಂದಣಿಗೆಂದು ತಾನು ಗೊತ್ತುಮಾಡುವ ಕನಿಷ್ಠ ಬೆಲೆಯಾದ ಮಾರ್ಗಸೂಚಿ ದರವನ್ನು ಎತ್ತಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2 ಆಯಿತು. ಕಾರಿನೊಳಗಿನ ದರ ಮಡಿಯುಟ್ಟ ಅಜ್ಜಿಯಂತೆ ಅಷ್ಟೇ ದೂರ ಸರಿದು ನಿಂತಿತು.

ಕಳೆದ ಬೇಸಗೆಯಲ್ಲಿ ಒಬ್ಬ ದಲ್ಲಾಳಿಯ ಬೈಕಿನ ಹಿಂದೆ ಕುಳಿತು ಮರವಂತೆಯ ಕಡೆಗೆ ಐದು ಸೆಂಟ್ಸ್ ಜಾಗ ನೋಡಲು ಹೋಗಿದ್ದೆ. ನಾಲ್ಕು ತೆಂಗಿನ ಮರ, ಒಂದು ಬಾವಿ, ಬೇಲಿಗೆ ಒಣಗಲು ಹಾಕಿದ ಯಾರದ್ದೋ ಲುಂಗಿ.

"ಕಡಲು ಎಷ್ಟು ದೂರ?" ಎಂದೆ.

"ಏನು ದೂರ ಮಾಷ್ಟ್ರೇ, ಹಾಸಿಗೆಯಲ್ಲಿ ಮಲಗಿದರೆ ತೆರೆ ಎಣಿಸಬಹುದು."

"ಹಾಗಾದರೆ ಕಡಲ ಹತ್ತಿರ ಮನೆ ಕಟ್ಟಲು ತಡೆಯೊಡ್ಡುವ ಸಿಆರ್‌ಝಡ್ ನಿಯಮ ಬರುವುದಿಲ್ಲವೇ?"

ಅವರ ಮುಖದಲ್ಲಿ ಕಡಲು ಸರಸರನೆ ಹಿಂದಕ್ಕೆ ಹೋಯಿತು. "ಛೆ ಛೆ, ಐನೂರು ಮೀಟರ್ ಮೇಲೆಯೇ ಉಂಟು. ನಡುವೆ ಹೆದ್ದಾರಿ ಇಲ್ಲವೇ ಮಾರಾಯರೇ?"

ಬಾವಿಯ ನೀರು ಎತ್ತಿ ಬಾಯಿಗೆ ಹಾಕಿದೆ. ಉಪ್ಪಿನಕಾಯಿ ಭರಣಿಯಲ್ಲಿ ಬಾಯಿ ಅದ್ದಿದಂತಾಯಿತು. ಈ ಸಲ ದಲ್ಲಾಳಿಯ ಮಾತಿನಲ್ಲಿ ಕಡಲೇ ಇಲ್ಲ. "ಅದು ಬೇಸಗೆಯ ರುಚಿ, ಮಳೆ ಬಂದರೆ ಸರಿಯಾಗುತ್ತದೆ" ಎಂದರು.

ಪಂಚಾಯಿತಿಯ ಆಸ್ತಿ ದಾಖಲೆಗಳಾದ 9/11 ಆಗಿದೆಯೇ ಎಂದು ಕೇಳಿದೆ. ಕರಾವಳಿಯಲ್ಲಿ ಹುಡುಗಿಯ ಜಾತಕ ಕೇಳದೆ ಮದುವೆಯಾದರೂ ಆದೀತು, ಈ ಎರಡು ನಮೂನೆ ಕೇಳದೆ ಜಾಗ ಕೊಳ್ಳುವಂತಿಲ್ಲ. "ಒಂಬತ್ತು ಆಗಿದೆ, ಹನ್ನೊಂದು ಆಗುತ್ತಾ ಇದೆ" ಎಂದರು. ಎಷ್ಟು ವರ್ಷದಿಂದ ಆಗುತ್ತಾ ಇದೆ ಎಂದು ಕೇಳುವ ಧೈರ್ಯವಾಗಲಿಲ್ಲ.

ಕೊಳ್ಳುವುದು ಬೇಡ, ಬಾಡಿಗೆಗಾದರೂ ಇರೋಣ ಎಂದರೆ ಅದು ಬೇರೆಯೇ ಪುರಾಣ. ಸಂಜೆ ಒಂದು ಬೀದಿಯುದ್ದಕ್ಕೂ ನಡೆದು ನೋಡಿದೆ. ಎಂಟು ಮನೆಯಲ್ಲಿ ಎರಡಕ್ಕೆ ದೀಪ. ಉಳಿದವುಗಳ ಯಜಮಾನರು ದುಬೈ, ದಾದರ್, ಬಸವನಗುಡಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬಂದು ಜೇಡನ ಬಲೆ ತೆಗೆಸಿ ಹೋಗುತ್ತಾರೆ. ಬಾಡಿಗೆಗೆ ಕೊಡುವುದಿಲ್ಲ, ಕೊಟ್ಟರೆ ಗೋಡೆ ಹಾಳಾಗುತ್ತದಂತೆ. ಕೊಡಲು ಒಪ್ಪಿದ ಒಬ್ಬರ ಮೊದಲ ಪ್ರಶ್ನೆ: "ಮೀನು ಮಾಡುತ್ತೀರಾ?" ಗಂಗೊಳ್ಳಿ ಬಂದರಿನಿಂದ ಬಂಗುಡೆಯ ವಾಸನೆ ಅವರದೇ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅದಕ್ಕೆ ಮಾತ್ರ ಮುಂಗಡ ಕೇಳಿರಲಿಲ್ಲ.

ಆಸಾಡಿ ಬಂತು. ಗಾಳಿಮಳೆಗೆ ಕಡಲು ಉಬ್ಬಿ, ತಡೆಗೆಂದು ಹಾಕಿದ ಬಂಡೆಗಳನ್ನು ನುಂಗಿ ದಡ ಕೊರೆಯತೊಡಗಿತು. ಆ ಐದು ಸೆಂಟ್ಸ್‌ನ ತೆಂಗಿನ ಮರಗಳಲ್ಲಿ ಎರಡು ತಲೆಕೆಳಗಾಗಿ ಬಿದ್ದಿವೆ ಎಂದು ಕ್ಷೌರದಂಗಡಿಯಲ್ಲಿ ಕೇಳಿದೆ. ಇನ್ನಾದರೂ ದರ ಇಳಿದಿರಬೇಕೆಂದು ದಲ್ಲಾಳಿಗೆ ಫೋನು ಮಾಡಿದೆ.

"ಈಗ ನಾಲ್ಕೂವರೆ ಸೆಂಟ್ಸ್ ಉಳಿದಿದೆ ಮಾಷ್ಟ್ರೇ" ಎಂದರು. "ದರ ಐದರದ್ದೇ. ಅಡ್ಡ ಇದ್ದ ಎರಡು ಮರ ಹೋಯಿತಲ್ಲ, ಕಡಲು ಈಗ ಸರಿಯಾಗಿ ಕಾಣುತ್ತದೆ."