ಸಮ ಚಿಹ್ನೆಯ ಮಾತೂ ಬರಬೇಕಿತ್ತು

‘ಹತ್ತರಿಂದ ಗುಣಿಸಬೇಕಾದರೆ ಕೊನೆಗೊಂದು ಸೊನ್ನೆ ಸೇರಿಸಿ’ ಎಂದು ಹೇಳಿಕೊಡುವುದು ಮುಂದೆ ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂದು, ಗಣಿತ ಕಲಿಕೆಯಲ್ಲಿ ಮಕ್ಕಳಿಗಾಗುವ ಗೊಂದಲಗಳ ಬಗೆಗಿನ ಲೇಖನದಲ್ಲಿ ಹೇಳಿರುವುದು ಸರಿ. ದಶಮಾಂಶ ಬಂದ ಕೂಡಲೇ 2.5 × 10 = 2.50 ಎಂದು ಬರೆದುಬಿಡುತ್ತಾರೆ. ಆದರೆ ಇದಕ್ಕಿಂತ ಬೇಗ ಶುರುವಾಗುವ ಗೊಂದಲವೊಂದಿದೆ, ಸಮ ಚಿಹ್ನೆಯದು. ಅದನ್ನು ಯಾಕೆ ಬಿಟ್ಟರೋ ಗೊತ್ತಾಗಲಿಲ್ಲ.

8 + 4 = □ + 5 ಎಂದು ಬರೆದು ಕೊಟ್ಟು ನೋಡಿ. ಎಷ್ಟೋ ಮಕ್ಕಳು ಖಾಲಿ ಜಾಗದಲ್ಲಿ 12 ಬರೆಯುತ್ತಾರೆ. ಕೆಲವರು ಎಲ್ಲವನ್ನೂ ಕೂಡಿ 17 ಅನ್ನುತ್ತಾರೆ. ಬೇಕಿರುವುದು 7. ಕೂಡುವುದು ಬಾರದೆ ಆದ ತಪ್ಪಲ್ಲ ಇದು. ‘=’ ಕಂಡರೆ ‘ಈಗ ಉತ್ತರ ಬರೆ’ ಅಂತ ಅವರು ತಿಳಿದುಕೊಂಡಿರುತ್ತಾರೆ. ಇನ್ನೇನು ತಿಳಿದಾರು? ಅಭ್ಯಾಸದ ಲೆಕ್ಕಗಳೆಲ್ಲ ಹೆಚ್ಚಾಗಿ 3 + 4 = □ ಅಂತಲೇ ಇರುತ್ತವೆ, ಅಲ್ವಾ?

ಮೊದಲಿನಿಂದಲೇ 7 = 3 + 4, 5 + 2 = 4 + 3 ಅಂತಲೂ ಬರೆದು ತೋರಿಸಬೇಕು. ಎರಡೂ ಕಡೆ ಬೆಲೆ ಒಂದೇ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಇದು ಗಟ್ಟಿಯಾಗದಿದ್ದರೆ ಬೀಜಗಣಿತದಲ್ಲಿ ಒದ್ದಾಟ ಜಾಸ್ತಿ.

ಇನ್ನೊಂದು, ಮಗು 12 ಬರೆದರೆ ಸುಮ್ನೆ ಕೆಂಪು ಗೆರೆ ಎಳೆಯಬೇಡಿ. ಅದು ಹೇಗೆ ಬಂತು ಅಂತ ಮೊದಲು ಕೇಳಿ.