ತೀರ್ಪು ಗೆದ್ದರೆ ಸಾಲದು

ನಾನು ವಾಸವಾಗಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾಮೀನಿನ ಕಾನೂನು ಬದಲಾದದ್ದು ಒಂದು ಲೆಕ್ಕದ ಬಲದಿಂದ. ಡ್ರಗ್ ಪಾಲಿಸಿ ಅಲಯನ್ಸ್ ಎಂಬ ಸಂಸ್ಥೆ ರಾಜ್ಯದ ಜೈಲುಗಳಲ್ಲಿ ಯಾರ್‍ಯಾರು ಏತಕ್ಕೆ ಇದ್ದಾರೆ ಎಂದು ಎಣಿಸಿ, 2013ರಲ್ಲಿ ವರದಿ ಹೊರಡಿಸಿತು. ಒಳಗಿದ್ದವರಲ್ಲಿ ನೂರಕ್ಕೆ 12 ಮಂದಿ 2,500 ಡಾಲರ್ ಅಥವಾ ಅದಕ್ಕೂ ಕಡಿಮೆ ಜಾಮೀನು ಹಣ ಹೊಂದಿಸಲಾಗದೆ ಅಲ್ಲಿ ಕುಳಿತಿದ್ದರು. ಅಪರಾಧ ಸಾಬೀತಾಗಿ ಅಲ್ಲ, ಅಪಾಯಕಾರಿ ಎಂದು ಯಾರಾದರೂ ತೀರ್ಮಾನಿಸಿಯೂ ಅಲ್ಲ. ಬಡವರನ್ನು ಬಿಡಿ ಎಂದು ಅದಕ್ಕೂ ಮೊದಲು ಬಹಳ ಮಂದಿ ಕೇಳಿದ್ದರು, ಶಾಸಕರು ತಲೆಯಾಡಿಸಿ ಕಳುಹಿಸಿದ್ದರು. ಈ ಲೆಕ್ಕದ ಮುಂದೆ ಹಾಗೆ ತಲೆಯಾಡಿಸುವುದು ಕಷ್ಟವಾಯಿತು.

ಮುಂದೆ ನಡೆದದ್ದರಲ್ಲಿ ನಮ್ಮವರು ಗಮನಿಸಬೇಕಾದ್ದು ಬಹಳವಿದೆ. ರಾಜ್ಯದ ಮುಖ್ಯ ನ್ಯಾಯಮೂರ್ತಿ ಸ್ಟುವರ್ಟ್ ರಾಬ್ನರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕುಳಿತಿತು. ಸರ್ಕಾರಿ ಅಭಿಯೋಜಕರು, ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರು, ನಾಗರಿಕ ಹಕ್ಕುಗಳ ಸಂಘಟನೆಯವರು, ರಾಜ್ಯಪಾಲರ ಕಚೇರಿಯವರು ಒಂದೇ ಮೇಜಿನ ಸುತ್ತ ಸೇರಿದರು. ಅಲ್ಲಿ ಒಂದು ಕೊಡುಕೊಳ್ಳುವಿಕೆ ನಡೆಯಿತು. ಹಣದ ಜಾಮೀನನ್ನು ಹೆಚ್ಚುಕಡಿಮೆ ಕೈಬಿಡಬೇಕು, ಅದಕ್ಕೆ ಬದಲಾಗಿ ನಿಜಕ್ಕೂ ಅಪಾಯಕಾರಿ ಎನಿಸಿದವರನ್ನು ವಿಚಾರಣೆ ನಡೆಸಿ ಒಳಗೇ ಇರಿಸಿಕೊಳ್ಳುವ ಅಧಿಕಾರ ನ್ಯಾಯಾಧೀಶರಿಗೆ ಸಿಗಬೇಕು. ಎರಡನೆಯದಕ್ಕೆ ರಾಜ್ಯದ ಸಂವಿಧಾನವನ್ನೇ ತಿದ್ದಬೇಕಿತ್ತು, ತಿದ್ದಲು ಜನರ ಮತ ಬೇಕಿತ್ತು. ಆಗ ರಾಜ್ಯಪಾಲರಾಗಿದ್ದ ರಿಪಬ್ಲಿಕನ್ ಪಕ್ಷದ ಕ್ರಿಸ್ ಕ್ರಿಸ್ಟಿ 2014ರ ಆಗಸ್ಟಿನಲ್ಲಿ ಕಾಯ್ದೆಗೆ ಸಹಿ ಹಾಕಿದರು, ಸದನದಲ್ಲಿ ಬಹುಮತವಿದ್ದದ್ದು ಡೆಮಾಕ್ರಾಟರಿಗೆ. ಅದೇ ನವೆಂಬರಿನಲ್ಲಿ ಮತದಾರರು ತಿದ್ದುಪಡಿಯನ್ನು ಒಪ್ಪಿದರು. 2017ರ ಜನವರಿ 1ರಿಂದ ಎಲ್ಲವೂ ಜಾರಿಗೆ ಬಂತು. 2015ರ ಕೊನೆಯಲ್ಲಿ ವಿಚಾರಣೆಗಾಗಿ ಕಾಯುತ್ತ ಜೈಲಿನಲ್ಲಿದ್ದವರು 8,899 ಮಂದಿ, 2018ರ ಕೊನೆಗೆ 4,995.

ಕಪ್ಪು ಜನರ ಪಾಲು ಮಾತ್ರ ಇಳಿಯಲಿಲ್ಲ. 2012ರಲ್ಲೂ 2018ರಲ್ಲೂ ಜೈಲಿನಲ್ಲಿದ್ದವರಲ್ಲಿ ನೂರಕ್ಕೆ 54 ಮಂದಿ ಅವರೇ. ಈ ಸುಧಾರಣೆಯನ್ನು ಹೊಗಳುವ ಭಾಷಣಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ಇರುವುದಿಲ್ಲ.

ಭಾರತದಲ್ಲಿ ಇದೇ ಕೆಲಸ ಬೇರೆ ದಾರಿ ಹಿಡಿಯಿತು. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಪೊಲೀಸ್ ಆಯೋಗದ ಸದಸ್ಯ ಕೆ.ಎಫ್. ರುಸ್ತುಂಜಿ ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬರೆದರು. ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಆ ಬರಹಗಳನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ತ್ವರಿತ ವಿಚಾರಣೆ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು, ಸಾವಿರಾರು ಮಂದಿ ಹೊರಬಂದರು. ಶಾಸಕರನ್ನು ಒಲಿಸಬೇಕಿಲ್ಲ, ಮತ ಕೇಳಬೇಕಿಲ್ಲ, ಒಂದು ಅರ್ಜಿ ಸಾಕು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಮ್ಮ ದೇಶದ ಅಪರೂಪದ ಸಾಧನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಾಯಿಯಿಲ್ಲದವರ ಪರವಾಗಿ ಯಾರು ಬೇಕಾದರೂ ಸುಪ್ರೀಂ ಕೋರ್ಟಿನ ಮುಂದೆ ನಿಲ್ಲುವ ಇಂಥ ಅವಕಾಶ ಅಮೆರಿಕದಲ್ಲಿಲ್ಲ.

ನನ್ನ ತಕರಾರು ಇರುವುದು ಆಮೇಲಿನದರ ಬಗ್ಗೆ. 1978ರ ಮೋತಿರಾಮ್ ಪ್ರಕರಣವನ್ನು ನೋಡಿ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಗೆ ಶ್ಯೂರಿಟಿ ತರಲು ಹೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ ಎಂದರು. ಆತ ಮತ್ತೆ ದೆಹಲಿಗೆ ಬರಬೇಕಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಿಟ್ಟಿನಿಂದಲೇ ಬರೆದು, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಆದೇಶಿಸಿದರು. ಇದಾಗಿ ನಲವತ್ತೈದು ವರ್ಷವಾಗುತ್ತ ಬಂದಾಗ, 2023ರ ಜನವರಿ 31ರಂದು, ಅದೇ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯಗಳಿಗೆ ಮತ್ತೆ ಹೇಳಬೇಕಾಯಿತು: ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಆ ಷರತ್ತು ಹಾಕದಿರುವುದು ಒಳ್ಳೆಯದು. ಜಾಮೀನು ಆದೇಶದ ಪ್ರತಿಯನ್ನು ಅಂದೇ ಅಥವಾ ಮರುದಿನ ಇಮೇಲಿನಲ್ಲಿ ಜೈಲಿಗೆ ಕಳುಹಿಸಬೇಕು, ಏಳು ದಿನದಲ್ಲಿ ಆ ವ್ಯಕ್ತಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಎಂದೂ ಹೇಳಿತು.

ಇಷ್ಟು ವರ್ಷ ಏನಾಯಿತು? ಪಹಣಿ ಇರುವವರು ಬೇಕು, ಅದರ ಮೌಲ್ಯ ತೋರಿಸುವ ಕಾಗದ ಬೇಕು, ಅವರು ಇದೇ ತಾಲ್ಲೂಕಿನವರಾಗಿರಬೇಕು ಎಂದು ಕೇಳುವ ಅಭ್ಯಾಸ ಅಭ್ಯಾಸವಾಗಿಯೇ ಉಳಿಯಿತು. ಊರು ಬಿಟ್ಟು ಕೂಲಿಗೆ ಬಂದವನಿಗೆ ಪಹಣಿ ಇರುವ ಗೆಳೆಯ ಎಲ್ಲಿಂದ ಬರಬೇಕು? ಹೀಗಾಗಿಯೇ ನಕಲಿ ದಾಖಲೆ ಹಿಡಿದು ಹಣಕ್ಕೆ ಶ್ಯೂರಿಟಿ ನಿಲ್ಲುವ ಕಸುಬೊಂದು ಹುಟ್ಟಿಕೊಂಡಿದೆ. ಅಂಥವರನ್ನು ಪೊಲೀಸರು ಹಿಡಿದ ಸುದ್ದಿ ಬಂದಾಗ ನಾವು ಅವರನ್ನು ಬೈಯುತ್ತೇವೆ, ಆ ಕಸುಬಿಗೆ ಗಿರಾಕಿಗಳನ್ನು ಒದಗಿಸುವ ಷರತ್ತನ್ನು ಬೈಯುವುದಿಲ್ಲ.

2012ರಲ್ಲಿ ದೇಶದ ಕೈದಿಗಳಲ್ಲಿ ಮೂರನೇ ಎರಡು ಪಾಲು ವಿಚಾರಣಾಧೀನರು. 2022ರ ಕೊನೆಗೆ 5,73,220 ಕೈದಿಗಳಲ್ಲಿ 4,34,302 ಮಂದಿ, ಅಂದರೆ ಮುಕ್ಕಾಲಿಗೂ ಹೆಚ್ಚು. ಈ ಅವಧಿಯಲ್ಲಿ ಒಳ್ಳೆಯ ತೀರ್ಪುಗಳಿಗೇನೂ ಬರವಿರಲಿಲ್ಲ. 2014ರ ಅರ್ನೇಶ್ ಕುಮಾರ್ ತೀರ್ಪು ಸುಮ್ಮಸುಮ್ಮನೆ ಬಂಧಿಸಬೇಡಿ ಎಂದಿತು. 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಜಾಮೀನಿಗೇ ಪ್ರತ್ಯೇಕ ಕಾಯ್ದೆ ತರುವುದನ್ನು ಪರಿಶೀಲಿಸಿ ಎಂದು ಕೇಂದ್ರಕ್ಕೆ ಸೂಚಿಸಿತು. ತೀರ್ಪು ಬಂದ ದಿನ ವಕೀಲರ ಫೋಟೊ ಮುಖಪುಟದಲ್ಲಿ ಬರುತ್ತದೆ. ಆರು ತಿಂಗಳ ನಂತರ ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿ ಅದು ಜಾರಿಯಾಯಿತೇ ಎಂದು ನೋಡುವವರಿಗೆ ಫೋಟೊವೂ ಇಲ್ಲ, ಸಂಬಳವೂ ಇಲ್ಲ. ನಮ್ಮಲ್ಲಿ ಸುಧಾರಣೆಯ ಮುಂದಾಳು ಎಂದರೆ ಕೋರ್ಟಿನಲ್ಲಿ ಗೆದ್ದವರು. ಇಲ್ಲಿ ಅಮೆರಿಕದಲ್ಲಿ ನಾನು ಕಂಡ ಮುಂದಾಳುಗಳಲ್ಲಿ ಹಲವರು ಕೋರ್ಟಿನ ಮೆಟ್ಟಿಲು ಹತ್ತುವುದೇ ಕಡಿಮೆ.

ಅವರ ಕೆಲಸ ಹೇಗಿರುತ್ತದೆ ಎಂದರೆ, ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್ನಿನ ಶಾಸನಸಭೆಯಲ್ಲಿ ಒಂದು ಮಸೂದೆ ಸಮಿತಿಯ ಮುಂದೆ ಬಂದರೆ ಯಾರು ಬೇಕಾದರೂ ಹೆಸರು ಬರೆಸಿ ಮಾತಾಡಬಹುದು. ಸಿಗುವುದು ಕೆಲವೇ ನಿಮಿಷ. ಅಲ್ಲಿ ನಾನು ಕುಳಿತು ನೋಡಿದ ಗುಂಪಿನ ಮುಖ್ಯಸ್ಥೆ ಒಮ್ಮೆಯೂ ಮೈಕಿನ ಮುಂದೆ ಹೋಗಲಿಲ್ಲ. ಪ್ರತಿ ಶಾಸಕರಿಗೂ ಒಂದೊಂದು ಹಾಳೆ ಮಾಡಿಸಿದ್ದರು, ಅದರಲ್ಲಿ ಆ ಶಾಸಕರ ಕ್ಷೇತ್ರದ್ದೇ ಅಂಕಿಗಳು. ಮಾತಿಗೆ ಕಳುಹಿಸಿದ್ದು ಜೈಲಿನಿಂದ ಬಂದ ಒಬ್ಬನನ್ನು, ಒಬ್ಬ ಪಾದ್ರಿಯನ್ನು, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಯನ್ನು, ಅದೂ ಅದೇ ಕ್ರಮದಲ್ಲಿ. ಪೊಲೀಸ್ ಅಧಿಕಾರಿ ಕೊನೆಗೆ ಏಕೆ ಎಂದು ನಾನು ಆಕೆಯನ್ನು ಕೇಳಿದ್ದಕ್ಕೆ, ಮೊದಲಿನ ಇಬ್ಬರ ಮಾತನ್ನು ನಂಬಲು ಸಮಿತಿಯ ಅಧ್ಯಕ್ಷರಿಗೊಂದು ನೆಪ ಬೇಕಲ್ಲ ಎಂದು ನಕ್ಕರು. ತತ್ವ ಮಾತಾಡುವುದಕ್ಕಿಂತ ಇಂಥ ಲೆಕ್ಕಾಚಾರದಲ್ಲೇ ಅವರ ಹೆಚ್ಚಿನ ಹೊತ್ತು ಹೋಗುತ್ತದೆ.

ಕರ್ನಾಟಕದಲ್ಲಿ ಹೀಗೆ ಮಾಡಲು ಹೊರಟವರಿಗೆ ಮೊದಲ ತೊಡಕು ಬಾಗಿಲೇ ಇಲ್ಲದಿರುವುದು. ವಿಧಾನಸೌಧದಲ್ಲಿ ಬಹಳಷ್ಟು ಮಸೂದೆಗಳು ಮಂಡನೆಯಾಗಿ ಕೆಲವೇ ದಿನಗಳಲ್ಲಿ, ಗದ್ದಲದ ನಡುವೆಯೇ ಅಂಗೀಕಾರವಾಗುತ್ತವೆ. ಕೇಂದ್ರದ ಮೂರು ಹೊಸ ಅಪರಾಧ ಕಾನೂನುಗಳ ಮಸೂದೆಗಳನ್ನು ಸಂಸದೀಯ ಸಮಿತಿ ನೋಡಿತ್ತು ನಿಜ, ಆದರೆ 2023ರ ಡಿಸೆಂಬರಿನಲ್ಲಿ ಅವು ಅಂಗೀಕಾರವಾದಾಗ ಎರಡೂ ಸದನಗಳಿಂದ ಒಟ್ಟು 146 ವಿರೋಧಪಕ್ಷದ ಸದಸ್ಯರು ಅಮಾನತಾಗಿದ್ದರು. ಅದಕ್ಕೂ ಮುಂಚೆ 2020ರಲ್ಲಿ ಗೃಹ ಸಚಿವಾಲಯ ರಚಿಸಿದ ಸುಧಾರಣಾ ಸಮಿತಿಯಲ್ಲಿ ಮೊದಲಿಗೆ ಇದ್ದವರು ಐವರು, ಐವರೂ ಗಂಡಸರು. ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಅಪರಾಧ ನ್ಯಾಯ ಸುಧಾರಣಾ ಸಮಿತಿ 2003ರಲ್ಲಿ ಕೊಟ್ಟ ವರದಿಯ ಬಗ್ಗೆ ಕನ್ನಡಿಗರಿಗೆ ಹೆಮ್ಮೆಯಿದೆ, ಅದರ ಕೆಲವು ಶಿಫಾರಸುಗಳ ಬಗ್ಗೆ ನನಗೆ ಭಯವೂ ಇದೆ. ಸಂಶಯಾತೀತ ಸಾಬೀತಿನ ಮಾನದಂಡವನ್ನು ಸಡಿಲಿಸಬೇಕೆಂದಿತ್ತು ಆ ವರದಿ. ಅದೇನೇ ಇರಲಿ, ಆ ಸಮಿತಿಯಲ್ಲಿದ್ದವರು ಅಧಿಕಾರಿಗಳು, ವಕೀಲರು, ಕಾನೂನು ಪ್ರಾಧ್ಯಾಪಕರು. ಜೈಲಿನ ಒಳಗಿನಿಂದ ಕಂಡವರು ಒಬ್ಬರೂ ಇರಲಿಲ್ಲ.

ಫ್ಲೋರಿಡಾದ ಉದಾಹರಣೆ ಈ ವಿಷಯದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಅಲ್ಲಿ ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು ಶಿಕ್ಷೆ ಮುಗಿಸಿ ಬಂದರೂ ಮತದಾನದ ಹಕ್ಕು ತಾನಾಗಿ ಮರಳುತ್ತಿರಲಿಲ್ಲ. ಆ ಹಕ್ಕು ಮರಳಿಸುವ ಚಳವಳಿಯ ಮುಂಚೂಣಿಯಲ್ಲಿದ್ದ ಡೆಸ್ಮಂಡ್ ಮೀಡ್ ಸ್ವತಃ ಶಿಕ್ಷೆ ಅನುಭವಿಸಿ ಬಂದವರು, ಒಂದು ಕಾಲಕ್ಕೆ ಮನೆಯಿಲ್ಲದೆ ಇದ್ದವರು, ಆಮೇಲೆ ಕಾನೂನು ಓದಿದವರು. ಮತ ಹಾಕುವ ಹಕ್ಕಿಲ್ಲದ ಮನುಷ್ಯ ಮತದಾರರ ಸಹಿ ಸಂಗ್ರಹಿಸಲು ನಿಂತ. ಲಕ್ಷಗಟ್ಟಲೆ ಸಹಿಗಳು ಬಿದ್ದವು. 2018ರ ನವೆಂಬರಿನಲ್ಲಿ, ಈ ಹಕ್ಕಿಗಾಗಿ ರಾಜ್ಯದ ಸಂವಿಧಾನಕ್ಕೆ ಸೂಚಿಸಿದ್ದ ‘ನಾಲ್ಕನೇ ತಿದ್ದುಪಡಿ’ಗೆ ನೂರಕ್ಕೆ 64ಕ್ಕೂ ಹೆಚ್ಚು ಮತ ಬಿತ್ತು, ಬೇಕಿದ್ದದ್ದು 60. ಸುಮಾರು ಹದಿನಾಲ್ಕು ಲಕ್ಷ ಮಂದಿಗೆ ಸಂಬಂಧಿಸಿದ ಗೆಲುವು.

ಆದರೆ ಮರುವರ್ಷವೇ ಅಲ್ಲಿನ ಶಾಸನಸಭೆ, ಶಿಕ್ಷೆ ಮುಗಿಯುವುದೆಂದರೆ ದಂಡ ಮತ್ತು ನ್ಯಾಯಾಲಯದ ಶುಲ್ಕವನ್ನೆಲ್ಲ ಕಟ್ಟುವುದೂ ಸೇರಿ ಎಂದು ಕಾನೂನು ಮಾಡಿತು. ಎಷ್ಟು ಬಾಕಿ ಎಂದು ಹೇಳಬಲ್ಲ ಒಂದೇ ಕಡತ ರಾಜ್ಯದಲ್ಲೆಲ್ಲೂ ಇರಲಿಲ್ಲ. ಕೆಳಗಿನ ಫೆಡರಲ್ ನ್ಯಾಯಾಲಯದಲ್ಲಿ ಇದಕ್ಕೆ ಸೋಲಾಯಿತು, 2020ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸೋಲನ್ನು ತಳ್ಳಿಹಾಕಿತು. ನ್ಯೂಯಾರ್ಕಿನಲ್ಲೂ ಹೀಗೆಯೇ. 2020ರ ಜನವರಿಯಲ್ಲಿ ಜಾರಿಗೆ ಬಂದ ಜಾಮೀನು ಸುಧಾರಣೆಯನ್ನು ಅದೇ ಏಪ್ರಿಲಿನಲ್ಲಿ ಮೊಟಕು ಮಾಡಿದರು. ಮತದಿಂದ ಗೆದ್ದದ್ದನ್ನು ಮತದ ಭಯ ಕಸಿದುಕೊಳ್ಳುತ್ತದೆ. ಅಮೆರಿಕದ ದಾರಿಯನ್ನು ಕಣ್ಣುಮುಚ್ಚಿ ಹೊಗಳುವವರಿಗೆ ಈ ಎರಡು ಕಥೆ ಸಾಕು.

ಹಾಗಾದರೆ ನಮ್ಮವರು ಕೋರ್ಟನ್ನೇ ನೆಚ್ಚಿಕೊಂಡರೆ ಸಾಲದೇ ಎಂದರೆ, ಸಾಲದು. ಅಮೆರಿಕದ ಸುಪ್ರೀಂ ಕೋರ್ಟೂ 1963ರ ಗಿಡಿಯನ್ ತೀರ್ಪಿನಲ್ಲಿ ಬಡ ಆರೋಪಿಗೆ ವಕೀಲರನ್ನು ಕೊಡಬೇಕೆಂದಿತು. ವಕೀಲರ ಸಂಬಳ ತೀರ್ಪಿನಿಂದ ಬರುವುದಿಲ್ಲ, ಬಜೆಟಿನಿಂದ ಬರುತ್ತದೆ. ಇವತ್ತಿಗೂ ಇಲ್ಲಿ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರು ಕೈಮೀರಿದಷ್ಟು ಪ್ರಕರಣ ಹೊತ್ತುಕೊಂಡು ಓಡಾಡುತ್ತಾರೆ.

ನನ್ನ ಅನಿಸಿಕೆಯೆಂದರೆ, ನಮ್ಮ ಸುಧಾರಕರು ದೆಹಲಿಯಿಂದ ಕಣ್ಣು ಕಿತ್ತು ಬೆಂಗಳೂರಿನ ಕಡೆ, ಅಲ್ಲಿಂದ ಜಿಲ್ಲೆಗಳ ಕಡೆ ನೋಡಬೇಕು. ಪೊಲೀಸ್ ಮತ್ತು ಕಾರಾಗೃಹ ಎರಡೂ ಸಂವಿಧಾನದಲ್ಲಿ ರಾಜ್ಯ ಪಟ್ಟಿಯಲ್ಲಿವೆ. ದಂಡ ಪ್ರಕ್ರಿಯೆ ಸಮವರ್ತಿ ಪಟ್ಟಿಯಲ್ಲಿದೆ, ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯ ಅದನ್ನು ತಿದ್ದಬಹುದು. ಉತ್ತರ ಪ್ರದೇಶ 1976ರಲ್ಲಿ ನಿರೀಕ್ಷಣಾ ಜಾಮೀನನ್ನೇ ತೆಗೆದುಹಾಕಿ, ನಾಲ್ಕು ದಶಕಗಳ ಮೇಲೆ ಮರಳಿ ತಂದದ್ದು ಇದೇ ಅಧಿಕಾರದಿಂದ. ಕೆಟ್ಟದ್ದಕ್ಕೆ ಬಳಕೆಯಾದ ಅಧಿಕಾರವನ್ನು ಶ್ಯೂರಿಟಿಯ ನಿಯಮ ಸರಿಪಡಿಸಲು ಏಕೆ ಬಳಸಬಾರದು?

ಜಿಲ್ಲೆಯ ಮಟ್ಟದಲ್ಲಿ ಆಗಬೇಕಾದ್ದು ಇನ್ನೂ ಸಣ್ಣದು, ಇನ್ನೂ ಬೇಸರದ್ದು. ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇರಬೇಕು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಎಸ್‌ಪಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಅದರಲ್ಲಿ ಕೂರುತ್ತಾರೆ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿಗಳೆಂದು ತೀರ್ಮಾನವಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದರೆ ಬಿಡುಗಡೆಗೆ ಅರ್ಹರು, ಉಳಿದವರು ಅರ್ಧ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದರೂ ಇಲ್ಲ, ಈ ಕೊನೆಯ ಷರತ್ತಿನಲ್ಲೇ ಬಹಳ ಮಂದಿ ಜಾರಿಬೀಳುತ್ತಾರೆ. ಅರ್ಹರಾದವರ ಪರವಾಗಿ ನ್ಯಾಯಾಲಯಕ್ಕೆ ಬರೆಯುವ ಹೊಣೆ ಜೈಲಿನ ಅಧೀಕ್ಷಕರದ್ದು. ಬರೆದರೇ, ಎಷ್ಟು ಹೆಸರು ಬರೆದರು, ಸಮಿತಿ ಎಷ್ಟು ಒಪ್ಪಿತು, ಎಷ್ಟು ಮಂದಿ ನಿಜಕ್ಕೂ ಮನೆಗೆ ಹೋದರು, ಇದಿಷ್ಟನ್ನು ಜಿಲ್ಲೆವಾರು ಪಟ್ಟಿ ಮಾಡಿ ಆಯಾ ಶಾಸಕರ ಕೈಗಿಡುವವರು ಬೇಕು. ಜೈಲುಗಳಿಗೆ ಅಧಿಕಾರೇತರ ಸಂದರ್ಶಕರನ್ನು ನೇಮಿಸುವ ಅವಕಾಶ ಹಳೆಯ ಕಾಲದಿಂದಲೂ ಇದೆ. ಆ ಸ್ಥಾನಗಳಿಗೆ ಪಕ್ಷದ ಕಾರ್ಯಕರ್ತರ ಬದಲು ವಿಚಾರಣೆಯಲ್ಲಿ ಖುಲಾಸೆಯಾಗಿ ಬಂದವರನ್ನು ಹಾಕಿ ಎಂದು ಕೇಳಲು ಯಾವ ತಿದ್ದುಪಡಿಯೂ ಬೇಡ. ಅಂಥವರು ಮುಂದೆ ಬರುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಜೈಲಿಗೆ ಹೋಗಿ ಬಂದದ್ದನ್ನು ಮಕ್ಕಳ ಮದುವೆಯವರೆಗೆ ಮುಚ್ಚಿಡಬೇಕಾದ ಸಮಾಜ ನಮ್ಮದು, ಮೀಡ್ ಅವರಂತೆ ವೇದಿಕೆ ಹತ್ತಿ ಹೇಳಿಕೊಳ್ಳಿ ಎಂದು ದೂರದಲ್ಲಿ ಕುಳಿತು ಉಪದೇಶಿಸುವುದು ಸುಲಭ.

ದೂರದಲ್ಲಿರುವವರು ಮಾಡಬಹುದಾದ್ದು ಹಣದ ಕೆಲಸ. ಅದಕ್ಕೂ ನಿಯಮಗಳಿವೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಾದ ತಿದ್ದುಪಡಿಯಿಂದ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ವೆಚ್ಚಕ್ಕೆ ನೂರಕ್ಕೆ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ನೀತಿ ಬದಲಾವಣೆಯ ಕೆಲಸದಲ್ಲಿ ಸಂಬಳವೇ ಮುಖ್ಯ ಖರ್ಚು, ಅದೆಷ್ಟು ಆಡಳಿತ ವೆಚ್ಚದ ಲೆಕ್ಕಕ್ಕೆ ಬೀಳುತ್ತದೆ ಎಂಬುದೇ ದೊಡ್ಡ ತಲೆನೋವು. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡವರ ಹಣ ವಿದೇಶಿ ಹಣವೇ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ, ಮಾಹಿತಿ ಹಕ್ಕಿನ ಅರ್ಜಿ ಹಾಕುವ ಹಕ್ಕೂ ಅವರಿಗಿದೆ. ನಮ್ಮ ಕನ್ನಡ ಸಂಘಗಳಲ್ಲಿ ಅಂಥವರು ಇನ್ನೂ ಬಹಳ ಮಂದಿಯಿದ್ದಾರೆ. ಒಂದು ಜಿಲ್ಲೆಯ ಪರಿಶೀಲನಾ ಸಮಿತಿಯ ನಡಾವಳಿಗಳನ್ನು ತರಿಸಿ, ಓದಿ, ಪಟ್ಟಿ ಮಾಡುವ ಒಬ್ಬ ಯುವ ವಕೀಲರ ವರ್ಷದ ಸಂಬಳವನ್ನು ಅವರು ಹಂಚಿಕೊಂಡು ಕೊಡಬಹುದು. ಮೊದಲು ಯಾವುದಾದರೂ ಒಂದು ಜಿಲ್ಲೆ ಸಾಕು.