ಖಜಾನೆಯ ಗಣಿತದಲ್ಲಿ ಗಂಡ-ಹೆಂಡತಿ

ಗಣಿತ ಎಲ್ಲೆಡೆಯೂ ಒಂದೇ ಎಂದು ನಂಬಿರುವವರು ಬ್ರಿಟನ್ನಿನ ತೆರಿಗೆ ಇಲಾಖೆಯ ಕೈಗೆ ಇನ್ನೂ ಸಿಕ್ಕಿರಲಾರರು. ಹಣಕಾಸು ಸಚಿವರಾಗಿದ್ದ ಜಾರ್ಜ್ ಆಸ್ಬರ್ನ್ ಅವರ ಕೃಪೆಯಿಂದ 2013ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದಂತೆ, ಮನೆಯಲ್ಲಿ ಯಾರೊಬ್ಬರ ವಾರ್ಷಿಕ ವರಮಾನ 50,000 ಪೌಂಡ್ ದಾಟಿದರೂ, ಮಕ್ಕಳ ಪಾಲನೆಗೆಂದು ಸರ್ಕಾರ ಕುಟುಂಬಗಳಿಗೆ ಕೊಡುವ ಮಕ್ಕಳ ಭತ್ಯೆ ಕರಗತೊಡಗಿ, 60,000 ಮುಟ್ಟುವಷ್ಟರಲ್ಲಿ ಪೂರ್ತಿ ಮಾಯವಾಗುತ್ತಿತ್ತು. ಒಬ್ಬಳೇ ದುಡಿದು ಮೂರು ಮಕ್ಕಳನ್ನು ಸಾಕುವ ತಾಯಿ 60,000 ಗಳಿಸಿದರೆ ಅವಳು ಸಿರಿವಂತೆ. ಪಕ್ಕದ ಮನೆಯ ದಂಪತಿ ತಲಾ 49,000ದಂತೆ 98,000 ಗಳಿಸಿದರೆ, ಪಾಪ, ಅವರಿಗೆ ಸರ್ಕಾರದ ಆಸರೆ ಬೇಕು! 2024ರಲ್ಲಿ ಆಗಿನ ಹಣಕಾಸು ಸಚಿವ ಜೆರೆಮಿ ಹಂಟ್ ಇದನ್ನು ಸರಿಪಡಿಸಿದರು, ಅಂದರೆ ಅದೇ ಅನ್ಯಾಯಕ್ಕೆ ಬಡ್ತಿ ಕೊಟ್ಟು 60,000ದಿಂದ 80,000ದವರೆಗಿನ ಮೇಲಂತಸ್ತಿಗೆ ಏರಿಸಿದರು. ಮುಂದೆ ಇಡೀ ಮನೆಯ ವರಮಾನವನ್ನೇ ಲೆಕ್ಕಕ್ಕೆ ಹಿಡಿಯುವುದಾಗಿಯೂ ಹೇಳಿದ್ದರು. ಅದೇ ಅಕ್ಟೋಬರಿನಲ್ಲಿ ಅವರ ಕುರ್ಚಿಗೆ ಬಂದಿದ್ದ ರೇಚಲ್ ರೀವ್ಸ್, ವೆಚ್ಚ ಹೆಚ್ಚೆಂದು ಆ ಯೋಚನೆಯನ್ನೇ ಕೈಬಿಟ್ಟರು.

ಇಬ್ಬರ ಸಂಬಳವನ್ನು ಕೂಡಿಸುವುದು ಅಷ್ಟು ದುಬಾರಿಯೆಂದರೆ ನಂಬೋಣ. ಆದರೆ ಬಡವರು ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಮಾಸಿಕ ನೆರವು ಕೇಳಿಕೊಂಡು ಬಂದಾಗ ಅದೇ ಸರ್ಕಾರ ದಂಪತಿಯ ಗಳಿಕೆಯನ್ನು ತಿಂಗಳು ತಿಂಗಳೂ ತಪ್ಪದೆ ಕೂಡಿಸುತ್ತದೆ. ಬಡತನದಲ್ಲಿ ಗಂಡ-ಹೆಂಡತಿ ಒಂದೇ ಜೀವ, ವರಮಾನ ಏರಿದಂತೆ ಪರಸ್ಪರ ಅಪರಿಚಿತರು.

ಕೊಂಕಣ ಸುತ್ತಿ ಮೈಲಾರಕ್ಕೆ ಬರುವ ಸೊಗಸನ್ನೂ ನೋಡಬೇಕು. ಭತ್ಯೆ ತಾಯಿಯ ಖಾತೆಗೆ ಬರುತ್ತದೆ. ತಂದೆಯ ವರಮಾನ ಮಿತಿ ಮೀರಿದ್ದರೆ ಅದೇ ಹಣವನ್ನು ಅವನು ತೆರಿಗೆಯ ಹೆಸರಿನಲ್ಲಿ ಹಿಂದಿರುಗಿಸಬೇಕು. ಹಣವೇ ಬೇಡವೆನ್ನುವ ತಾಯಿಯೂ ಅರ್ಜಿಯನ್ನು ಮಾತ್ರ ತುಂಬಿದರೆ ಒಳ್ಳೆಯದು, ಏಕೆಂದರೆ ದುಡಿಮೆ ಬಿಟ್ಟು ಮಗುವನ್ನು ನೋಡಿಕೊಂಡ ವರ್ಷಗಳು ಅವಳ ಪಿಂಚಣಿಯ ಲೆಕ್ಕಕ್ಕೆ ಸೇರುವುದು ಆ ಅರ್ಜಿಯ ಮೂಲಕ. ಕೆಲಸದ ವೀಸಾ ಹಿಡಿದು ಬೆಂಗಳೂರಿನಿಂದ ಹೋದ ನಮ್ಮ ಇಂಜಿನಿಯರುಗಳಿಗೆ ಸಾಮಾನ್ಯವಾಗಿ ಈ ತಲೆನೋವಿಲ್ಲ: ತೆರಿಗೆ ಪೂರ್ತಿ ಕಟ್ಟಬೇಕು, ಭತ್ಯೆ ಕೇಳಬಾರದು ಎಂಬ ಷರತ್ತು ವೀಸಾದ ಜೊತೆಗೇ ಬಂದಿರುತ್ತದೆ.

ಬಡ ಮಕ್ಕಳ ವಿಷಯದಲ್ಲಿಯಂತೂ ಲೆಕ್ಕ ಇನ್ನೂ ಸೂಕ್ಷ್ಮ. 1946ರಲ್ಲಿ ಕುಟುಂಬ ಭತ್ಯೆ ಆರಂಭವಾದಾಗ ಮೊದಲ ಮಗುವಿಗೆ ಏನೂ ಇರಲಿಲ್ಲ. 2017ರಿಂದ ಬಡ ಕುಟುಂಬಗಳ ನೆರವಿನಲ್ಲಿ ಮೂರನೆಯ ಮಗುವಿಗೆ ಏನೂ ಇಲ್ಲವಾಯಿತು. ಬುದ್ಧಿವಂತ ಮಗು ಎರಡನೆಯದಾಗಿಯೇ ಹುಟ್ಟಬೇಕು, ಅದು ಸಾಧ್ಯವಾಗದಿದ್ದರೆ 2017ರ ಏಪ್ರಿಲ್ 5ರ ಮಧ್ಯರಾತ್ರಿಯೊಳಗೆ ಹುಟ್ಟಿಬಿಡಬೇಕಿತ್ತು, ಏಕೆಂದರೆ ಈ ಎರಡು ಮಕ್ಕಳ ಮಿತಿ ಅನ್ವಯವಾದದ್ದು 6ರಿಂದ. ನಲವತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಬಡತನದಲ್ಲಿರುವ ದೇಶದಲ್ಲಿ ಈ ಮಿತಿ ಬೇಡವೆಂದು 2024ರ ಜುಲೈನಲ್ಲಿ ಮತ ಹಾಕಿದ ಲೇಬರ್ ಪಕ್ಷದ ಏಳು ಸಂಸದರನ್ನು ಪಕ್ಷವು ಸಂಸದೀಯ ಗುಂಪಿನಿಂದ ಅಮಾನತುಗೊಳಿಸಿತು. 2025ರ ನವೆಂಬರಿನಲ್ಲಿ ಅದೇ ಪಕ್ಷದ ಸರ್ಕಾರ ಮಿತಿಯನ್ನು 2026ರ ಏಪ್ರಿಲಿನಿಂದ ರದ್ದುಗೊಳಿಸುವುದಾಗಿ ಬಜೆಟ್ಟಿನಲ್ಲಿ ಘೋಷಿಸಿತು. ಏಳು ಮಂದಿಯ ಅಪರಾಧ ಇಷ್ಟೇ: ಹದಿನಾರು ತಿಂಗಳು ಮೊದಲೇ ಸರಿಯಾಗಿದ್ದರು.